ಆಂಗ್ಲ ಸಾಹಿತ್ಯದ ಎರಡು ಬೇರುಗಳು: ಕೆಲ್ಟಿಕ್ ಮತ್ತು ಆಂಗ್ಲೋ-ಸ್ಯಾಕ್ಸನ್ ಸಂಸ್ಕೃತಿಗಳ ವಿಶ್ವವಿದ್ಯಾಲಯ ವ್ಯಾಸಂಗ

ಒಂದು ಭಾಷೆಯ ಕಾವ್ಯವನ್ನು ಓದಿ ಆನಂದಿಸುವುದು ಒಂದು ಬಗೆ. ಆ ಕಾವ್ಯ ಹುಟ್ಟಿದ ಮಣ್ಣನ್ನು, ಅಲ್ಲಿ ಬಾಳಿದ ಜನರ ನಡೆನುಡಿಗಳನ್ನು, ಅವರ ದೈವ, ದಾಯ, ಯುದ್ಧ, ಉತ್ಸವಗಳನ್ನು ಅರಿತು ಓದುವುದು ಇನ್ನೊಂದು ಬಗೆ. ಮೊದಲನೆಯದು ರಸಿಕತೆ, ಎರಡನೆಯದು ವಿದ್ವತ್ತು. ಇವೆರಡೂ ಒಂದೆಡೆ ಸೇರಿದಾಗಲೇ ಸಾಹಿತ್ಯಾಭ್ಯಾಸವು ಪೂರ್ಣವಾಗುವುದೆಂಬುದು ಹಿರಿಯರ ಅಭಿಮತ.

ನಮ್ಮ ನಾಡಿನ ಕಾಲೇಜುಗಳಲ್ಲಿ ಆಂಗ್ಲ ಸಾಹಿತ್ಯದ ಬೋಧನೆಯು ಬಹುಕಾಲದಿಂದ ನಡೆದು ಬಂದಿದೆ. ಆದರೆ ಅದು ಸಾಮಾನ್ಯವಾಗಿ 1400ರಲ್ಲಿ ತೀರಿಕೊಂಡ ಚಾಸರನಿಂದಲೋ, ಅವನಿಗೂ ಈಚಿನ ಷೇಕ್ಸ್‌ಪಿಯರನಿಂದಲೋ ಆರಂಭವಾಗುತ್ತದೆ. ಚಾಸರನಿಗೆ ಹಿಂದೆ ಆ ದ್ವೀಪಗಳಲ್ಲಿ ಸುಮಾರು ಏಳು ನೂರು ವರ್ಷಗಳ ಲಿಖಿತ ಸಾಹಿತ್ಯವಿತ್ತೆಂಬುದು, ಅದು ಒಂದೇ ಭಾಷೆಯಲ್ಲಿರದೆ ಹಲವು ಭಾಷೆಗಳಲ್ಲಿತ್ತೆಂಬುದು ಅನೇಕ ಪದವೀಧರರಿಗೂ ಹೊಸ ಸಂಗತಿಯೇ ಸರಿ. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳು ಆಂಗ್ಲ ಸಾಹಿತ್ಯದ ಜೊತೆಯಲ್ಲೇ ಕೆಲ್ಟಿಕ್ ಮತ್ತು ಆಂಗ್ಲೋ-ಸ್ಯಾಕ್ಸನ್ ಸಂಸ್ಕೃತಿಗಳನ್ನು ಅಭ್ಯಸಿಸುವ ವ್ಯವಸ್ಥೆಯನ್ನು ಏರ್ಪಡಿಸಿಕೊಂಡಿವೆ. ಈ ವ್ಯಾಸಂಗದ ಸ್ವರೂಪವೇನು, ಅದು ಹೇಗೆ ಬೆಳೆದು ಬಂದಿತು, ಅದರಿಂದ ದೊರೆಯುವ ಫಲವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ದ್ವೀಪಗಳ ಜನರೂ ಭಾಷೆಗಳೂ

ಕ್ರಿಸ್ತಶಕ ಐದನೆಯ ಶತಮಾನದ ಆದಿಯಲ್ಲಿ ರೋಮನ್ನರ ಆಳ್ವಿಕೆ ಬ್ರಿಟನ್ನಿನಲ್ಲಿ ಕೊನೆಗೊಂಡಿತು. ಆಗ ಅಲ್ಲಿದ್ದ ಬ್ರಿಟನ್ನರು ಆಡುತ್ತಿದ್ದುದು ಕೆಲ್ಟಿಕ್ ಕುಲದ ನುಡಿ. ಉತ್ತರ ಸಮುದ್ರದಾಚೆಯಿಂದ ಬಂದ ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಜನರು ಜರ್ಮ್ಯಾನಿಕ್ ಕುಲದ ನುಡಿಯನ್ನು ತಂದರು. ಈ ಹೊಸಬರ ನುಡಿಯೇ ಮುಂದೆ ಇಂಗ್ಲಿಷಾಯಿತು. ಹಳಬರ ನುಡಿ ಪಶ್ಚಿಮಕ್ಕೆ ಸರಿದು ವೆಲ್ಷ್, ಕಾರ್ನಿಷ್, ಬ್ರೆಟನ್ ಎಂದು ಕವಲೊಡೆಯಿತು. ಐರ್ಲೆಂಡಿನ ಕೆಲ್ಟಿಕ್ ನುಡಿಯಿಂದ ಐರಿಷ್, ಸ್ಕಾಟಿಷ್ ಗೇಲಿಕ್, ಮ್ಯಾಂಕ್ಸ್ ಎಂಬ ಮೂರು ನುಡಿಗಳು ಬೆಳೆದವು.

ಒಂದು ಹೆಸರಿನಲ್ಲೇ ಒಂದು ಯುಗದ ಇತಿಹಾಸ ಅಡಗಿರುವುದುಂಟು. 'ವೆಲ್ಷ್' ಎಂಬ ಶಬ್ದವು ಆಂಗ್ಲೋ-ಸ್ಯಾಕ್ಸನ್ನರು ಇಟ್ಟದ್ದು. ಅದರ ಮೂಲಾರ್ಥ 'ಪರಕೀಯ'. ನಾಡಿನ ಮೂಲನಿವಾಸಿಗಳನ್ನೇ ಹೊರಗಿನಿಂದ ಬಂದವರು ಪರಕೀಯರೆಂದು ಕರೆದರು! ವೆಲ್ಷ್ ಜನ ತಮ್ಮನ್ನು ಕರೆದುಕೊಳ್ಳುವುದು 'ಕಮ್ರಿ' ಎಂದು. ಅದಕ್ಕೆ 'ಒಂದೇ ನಾಡಿನವರು' ಎಂದರ್ಥ. ಇಂಗ್ಲೆಂಡಿನಲ್ಲಿ ಏವನ್ ಎಂಬ ಹೆಸರಿನ ನದಿಗಳು ಹಲವಿವೆ. ಷೇಕ್ಸ್‌ಪಿಯರನ ಹುಟ್ಟೂರಿನ ನದಿಯೂ ಏವನ್ನೇ. ಅದು ಕೆಲ್ಟಿಕ್ ಶಬ್ದ. ಅದರ ಅರ್ಥ 'ನದಿ' ಎಂದಷ್ಟೆ. ಇಂಗ್ಲಿಷ್ ಮಹಾಕವಿಯ ಊರಿನ ಹೆಸರಿನಲ್ಲಿ ಕೆಲ್ಟರ ನುಡಿ ಇಂದಿಗೂ ಹರಿಯುತ್ತಿದೆ.

ಈ ನುಡಿಗಳ ಪರಸ್ಪರ ಬಾಂಧವ್ಯವನ್ನು ಶಾಸ್ತ್ರೀಯವಾಗಿ ತೋರಿಸಿದವನು ಆಕ್ಸ್‌ಫರ್ಡಿನ ಆಷ್ಮೋಲಿಯನ್ ವಸ್ತುಸಂಗ್ರಹಾಲಯದ ಪಾಲಕನಾಗಿದ್ದ ಎಡ್ವರ್ಡ್ ಲೂಯಿಡ್. ಅವನ ಗ್ರಂಥ ಹೊರಬಂದುದು 1707ರಲ್ಲಿ. ವೆಲ್ಷಿನಲ್ಲಿ ಪಕಾರವಿರುವೆಡೆ ಐರಿಷಿನಲ್ಲಿ ಕಕಾರವಿರುವುದು ಈ ಬಾಂಧವ್ಯದ ಒಂದು ಪ್ರಸಿದ್ಧ ಲಕ್ಷಣ. ತಲೆಗೆ ವೆಲ್ಷಿನಲ್ಲಿ 'ಪೆನ್', ಐರಿಷಿನಲ್ಲಿ 'ಕ್ಯಾನ್'. ನಾಲ್ಕಕ್ಕೆ ಅಲ್ಲಿ 'ಪೆದ್ವಾರ್', ಇಲ್ಲಿ 'ಕೆಹಿರ್'. ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆದುದನ್ನು ಬಲ್ಲ ಕನ್ನಡ ಅಧ್ಯಾಪಕರಿಗೆ ಇಂಥ ವರ್ಣಪಲ್ಲಟ ಅಪರಿಚಿತವಲ್ಲ.

ಸಂಸ್ಕೃತದ ನಂಟು

ಈ ವ್ಯಾಸಂಗಕ್ಕೂ ಭಾರತಕ್ಕೂ ಇರುವ ನಂಟು ಆಕಸ್ಮಿಕವಾದುದಲ್ಲ. ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸೂಚಿಸಿದ್ದು ಸರ್ವವಿದಿತ. ಅದೇ ಭಾಷಣದಲ್ಲಿ ಆತನು ಗಾಥಿಕ್ ಮತ್ತು ಕೆಲ್ಟಿಕ್ ನುಡಿಗಳನ್ನೂ ಆ ಕುಟುಂಬಕ್ಕೆ ಸೇರಿಸಿದ್ದನೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಸಂಸ್ಕೃತದ 'ವೀರ' ಶಬ್ದವು ಪ್ರಾಚೀನ ಐರಿಷಿನಲ್ಲಿ 'ಫೆರ್' ಎಂದೂ ಪ್ರಾಚೀನ ಇಂಗ್ಲಿಷಿನಲ್ಲಿ 'ವೆರ್' ಎಂದೂ ಇದೆ. ಎರಡರ ಅರ್ಥವೂ 'ಪುರುಷ'. 'ವಿಧವಾ' ಎಂಬುದು ಪ್ರಾಚೀನ ಇಂಗ್ಲಿಷಿನಲ್ಲಿ 'ವಿದುವೆ', ವೆಲ್ಷಿನಲ್ಲಿ 'ಗ್ವೆದು'. 'ಪಿತೃ' ಶಬ್ದದ ಪಕಾರ ಇಂಗ್ಲಿಷಿನ 'ಫಾದರ್' ಎಂಬಲ್ಲಿ ಫಕಾರವಾಯಿತು. ಕೆಲ್ಟಿಕ್ ಶಾಖೆಯಲ್ಲಿ ಪೂರ್ತಿಯಾಗಿ ಲೋಪಗೊಂಡು ಐರಿಷಿನಲ್ಲಿ 'ಆಹಿರ್' ಎಂದು ಉಳಿಯಿತು.

ಇನ್ನೂ ಹತ್ತಿರದ ನಂಟೊಂದಿದೆ. ಐರ್ಲೆಂಡಿನ ವಿಟ್ಲಿ ಸ್ಟೋಕ್ಸ್ ಎಂಬ ನ್ಯಾಯವಾದಿ 1862ರಲ್ಲಿ ಭಾರತಕ್ಕೆ ಬಂದು ಮದರಾಸಿನಲ್ಲಿಯೂ ಕಲ್ಕತ್ತೆಯಲ್ಲಿಯೂ ಇದ್ದು, 1877ರಿಂದ 1882ರವರೆಗೆ ಗವರ್ನರ್ ಜನರಲ್ಲನ ಮಂಡಲಿಯಲ್ಲಿ ಕಾನೂನು ಸದಸ್ಯನಾಗಿದ್ದನು. ಹಗಲೆಲ್ಲ ಭಾರತದ ಕಾನೂನು ಸಂಹಿತೆಗಳನ್ನು ರೂಪಿಸುವ ಕಾರ್ಯ. ಉಳಿದ ವೇಳೆಯಲ್ಲಿ ಪ್ರಾಚೀನ ಐರಿಷ್ ಗ್ರಂಥಗಳ ಸಂಪಾದನೆ! ಆತನ 'ಗೊಯ್ಡಿಲಿಕ' ಎಂಬ ಸಂಪುಟ 1866ರಲ್ಲಿ ಅಚ್ಚಾದುದು ಕಲ್ಕತ್ತೆಯಲ್ಲಿ. ಮಧ್ಯಕಾಲೀನ ಐರಿಷಿನ ಮೂರು ಧರ್ಮೋಪದೇಶಗಳ ಸಂಪಾದನೆಯೂ 1877ರಲ್ಲಿ ಅಲ್ಲಿಯೇ ಪ್ರಕಟವಾಯಿತು. ಕೆಲ್ಟಿಕ್ ವಿದ್ವತ್ತಿನ ಕೆಲವು ಅಡಿಗಲ್ಲುಗಳು ಹೀಗೆ ಗಂಗಾತೀರದಲ್ಲಿ ನೆಲೆಗೊಂಡವು.

ವಿಹಾರಗಳಲ್ಲಿ ಬೆರೆತ ಎರಡು ಧಾರೆಗಳು

ಕೆಲ್ಟರೂ ಆಂಗ್ಲೋ-ಸ್ಯಾಕ್ಸನ್ನರೂ ಕೇವಲ ಶತ್ರುಗಳಾಗಿದ್ದರೆಂದು ತಿಳಿಯಬಾರದು. ಐರ್ಲೆಂಡಿನ ಸಂತ ಕೊಲಂಬಾ 563ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ತೀರದ ಅಯೋನಾ ದ್ವೀಪದಲ್ಲಿ ಸಂನ್ಯಾಸಿಗಳ ವಿಹಾರವೊಂದನ್ನು ಸ್ಥಾಪಿಸಿದನು. ಮುಂದೆ ನಾರ್ಥಂಬ್ರಿಯಾದ ದೊರೆ ಓಸ್ವಾಲ್ಡನು ಅಲ್ಲಿಂದ ಗುರುಗಳನ್ನು ಬೇಡಿ ಕರೆಸಿಕೊಂಡನು. ಹಾಗೆ ಬಂದ ಏಡನ್ ಎಂಬಾತ 635ರಲ್ಲಿ ಲಿಂಡಿಸ್‌ಫಾರ್ನ್ ವಿಹಾರವನ್ನು ಕಟ್ಟಿದನು. ಏಡನ್ನನಿಗೆ ಇಂಗ್ಲಿಷ್ ಚೆನ್ನಾಗಿ ಬಾರದು. ದೇಶಭ್ರಷ್ಟನಾಗಿ ಐರಿಷರ ನಡುವೆ ಬೆಳೆದಿದ್ದ ದೊರೆಗೆ ಐರಿಷ್ ಚೆನ್ನಾಗಿ ಬರುತ್ತಿತ್ತು. ಆದುದರಿಂದ ಗುರುವು ಬೋಧಿಸುವಾಗ ದೊರೆಯೇ ನಿಂತು ತನ್ನ ಸಾಮಂತರಿಗೆ ಅದನ್ನು ಇಂಗ್ಲಿಷಿನಲ್ಲಿ ತಿಳಿಯಹೇಳುತ್ತಿದ್ದನೆಂದು ಬೀಡ್ ಎಂಬ ಪಂಡಿತ ಸಂನ್ಯಾಸಿ 731ರಲ್ಲಿ ಮುಗಿಸಿದ ತನ್ನ ಇತಿಹಾಸದಲ್ಲಿ ಬರೆದಿಟ್ಟಿದ್ದಾನೆ. ಅರಸನು ಗುರುವಿಗೆ ದುಭಾಷಿಯಾದ ಈ ದೃಶ್ಯ ಎರಡು ಸಂಸ್ಕೃತಿಗಳ ಸಂಗಮಕ್ಕೆ ಒಳ್ಳೆಯ ನಿದರ್ಶನ.

ಉತ್ತರ ಇಂಗ್ಲೆಂಡಿನ ಅಕ್ಷರಗಳ ದುಂಡುರೂಪವೂ ಐರಿಷ್ ಗುರುಗಳಿಂದಲೇ ಬಂದುದು. ಸುಮಾರು 700ರಲ್ಲಿ ಸಿದ್ಧವಾದ ಲಿಂಡಿಸ್‌ಫಾರ್ನ್ ಸುವಾರ್ತೆಗಳ ಹಸ್ತಪ್ರತಿಯಲ್ಲಿ ಕೆಲ್ಟಿಕ್ ಸುರುಳಿಗಳೂ ಜರ್ಮ್ಯಾನಿಕ್ ಹೆಣಿಗೆಯ ಪ್ರಾಣಿಚಿತ್ರಗಳೂ ಒಂದೇ ಪುಟದಲ್ಲಿವೆ. ಹತ್ತನೆಯ ಶತಮಾನದಲ್ಲಿ ಆಲ್ಡ್ರೆಡ್ ಎಂಬ ಪಾದ್ರಿ ಅದರ ಲ್ಯಾಟಿನ್ ಸಾಲುಗಳ ನಡುವೆ ಇಂಗ್ಲಿಷ್ ಪ್ರತಿಪದಾರ್ಥವನ್ನು ಬರೆದನು. ಪ್ರತಿಪದಾರ್ಥ, ಟೀಕೆ, ಟಿಪ್ಪಣಿಗಳೊಡನೆ ಓದುವ ಪದ್ಧತಿ ನಮ್ಮ ಪಂಡಿತರಿಗೆ ಮಾತ್ರ ಮೀಸಲಾದುದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇಂಗ್ಲಿಷಿನಲ್ಲಿ ಹೆಸರು ತಿಳಿದಿರುವ ಮೊದಲ ಕವಿ ಕ್ಯಾಡ್ಮನ್ ಒಬ್ಬ ದನಗಾಹಿ. ವಿಟ್ಬಿಯಲ್ಲಿ ಹಿಲ್ಡ್ ಎಂಬ ಸಾಧ್ವಿ ಮುಖ್ಯಸ್ಥೆಯಾಗಿದ್ದ ವಿಹಾರದಲ್ಲಿ ಅವನಿದ್ದನು. ಔತಣದಲ್ಲಿ ಕಿನ್ನರಿ ಕೈಯಿಂದ ಕೈಗೆ ಬರುತ್ತಿದ್ದರೆ, ಹಾಡಲರಿಯದ ನಾಚಿಕೆಯಿಂದ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದವನು ಅವನು. ಕನಸಿನಲ್ಲಿ ಆದೇಶ ಪಡೆದು ಸೃಷ್ಟಿಕರ್ತನನ್ನು ಹಾಡಿದನೆಂದು ಬೀಡ್ ಹೇಳುತ್ತಾನೆ. ಹಿಲ್ಡ್ ಮೃತಳಾದದ್ದು 680ರಲ್ಲಿ. ಹೀಗೆ ಇಂಗ್ಲಿಷ್ ಕಾವ್ಯದ ಉದಯ ಏಳನೆಯ ಶತಮಾನಕ್ಕೆ ಸಲ್ಲುತ್ತದೆ.

ಗ್ರಂಥಗಳ ಭಾಗ್ಯ

ಇಂದು ಉಳಿದಿರುವ ಪ್ರಾಚೀನ ಇಂಗ್ಲಿಷ್ ಕಾವ್ಯದ ಬಹುಭಾಗವು ನಾಲ್ಕು ಹಸ್ತಪ್ರತಿಗಳಲ್ಲಿದೆ. ಅವುಗಳಲ್ಲೊಂದು ಎಕ್ಸೆಟರ್ ದೇವಾಲಯದಲ್ಲಿದೆ, ಒಂದು ಇಟಲಿಯ ವೆರ್ಚೆಲ್ಲಿಯಲ್ಲಿದೆ, ಒಂದು ಆಕ್ಸ್‌ಫರ್ಡಿನಲ್ಲಿದೆ. 3182 ಸಾಲುಗಳ 'ಬೇವುಲ್ಫ್' ಮಹಾಕಾವ್ಯವನ್ನು ಒಳಗೊಂಡ ನಾಲ್ಕನೆಯದು ಲಂಡನ್ನಿನಲ್ಲಿದೆ. ಆ ಕಾವ್ಯಕ್ಕೆ ಇರುವುದು ಅದೊಂದೇ ಪ್ರತಿ. 1731ರಲ್ಲಿ ಅದಿದ್ದ ಭವನಕ್ಕೆ ಬೆಂಕಿ ತಗುಲಿ ಹಾಳೆಗಳ ಅಂಚುಗಳು ಸುಟ್ಟವು. ಮುಂದಿನ ವರ್ಷಗಳಲ್ಲಿ ಆ ಅಂಚುಗಳು ಪುಡಿಯಾಗಿ ಉದುರುತ್ತಿದ್ದವು. ಇನ್ನೂ ಅಳಿಯದಿದ್ದ ಅನೇಕ ಅಕ್ಷರಗಳು ಇಂದಿಗೆ ದೊರೆತಿರುವುದು ಥಾರ್ಕೆಲಿನ್ ಎಂಬ ಐಸ್‌ಲೆಂಡಿನ ಪಂಡಿತನು ಹದಿನೆಂಟನೆಯ ಶತಮಾನದ ಕೊನೆಗೆ ಮಾಡಿಸಿದ ಮತ್ತು ಮಾಡಿದ ಎರಡು ನಕಲುಗಳಿಂದ. ಒಂದು ಜನಾಂಗದ ಆದಿಕಾವ್ಯವು ಉಳಿಯುವುದೂ ಅಳಿಯುವುದೂ ಕೆಲವೊಮ್ಮೆ ಒಬ್ಬ ಲಿಪಿಕಾರನ ಶ್ರಮವನ್ನು ಅವಲಂಬಿಸಿರುತ್ತದೆ.

ಕೆಲ್ಟಿಕ್ ಸಾಹಿತ್ಯದ ಸಂಪತ್ತು ಬೇರೆ ಬಗೆಯದು. ಐರಿಷರ ಮುಖ್ಯ ವೀರಗಾಥೆಯ ವಸ್ತು ಒಂದು ತುರುಗಾಳಗ. ಕೂಲಿ ಎಂಬ ನಾಡಿನ ಶ್ರೇಷ್ಠ ಹೋರಿಯೊಂದನ್ನು ಅಪಹರಿಸಲು ಮೇವ್ ರಾಣಿ ದಂಡೆತ್ತಿ ಬರುತ್ತಾಳೆ; ಕೂ ಖುಲಿನ್ ಎಂಬ ತರುಣವೀರನು ಒಬ್ಬನೇ ಅವಳ ಸೈನ್ಯವನ್ನು ತಡೆದು ನಿಲ್ಲುತ್ತಾನೆ. ವಿರಾಟಪರ್ವದ ಗೋಗ್ರಹಣವನ್ನೂ, ತುರುಗೊಳ್ ಕಾಳಗದಲ್ಲಿ ಮಡಿದವರ ವೀರಗಲ್ಲುಗಳನ್ನೂ ಬಲ್ಲ ಕನ್ನಡಿಗರಿಗೆ ಈ ಕಥೆಯ ಜಗತ್ತು ದೂರದ್ದೆನಿಸದು. ವೆಲ್ಷರ 'ಮಾಬಿನೋಗಿ' ಕಥೆಗಳು ಹದಿನಾಲ್ಕನೆಯ ಶತಮಾನದ ಹಸ್ತಪ್ರತಿಗಳಲ್ಲಿ ಉಳಿದುಬಂದಿವೆ. ಆರ್ಥರ್ ದೊರೆಯ ಕಥೆಯ ಮೂಲವೂ ವೆಲ್ಷರಲ್ಲಿಯೇ. ಹನ್ನೆರಡನೆಯ ಶತಮಾನದಲ್ಲಿ ಮನ್ಮತ್ತಿನ ಜೆಫ್ರಿ ಅದನ್ನು ಲ್ಯಾಟಿನ್ನಿಗೆ ತಂದನು. ಫ್ರೆಂಚ್ ಕವಿಗಳು ಬೆಳೆಸಿದರು. ಮ್ಯಾಲರಿಯ ಗದ್ಯದಲ್ಲಿ ಇಂಗ್ಲಿಷಿಗೆ ಬಂದು 1485ರಲ್ಲಿ ಅಚ್ಚಾಯಿತು. ಅನಂತರ ಟೆನಿಸನ್ನನ ಕಾವ್ಯವಾಗಿ ನಮ್ಮ ತರಗತಿಗಳನ್ನೂ ಪ್ರವೇಶಿಸಿತು. ಬೇರನ್ನು ಕಾಣದೆ ಹೂವನ್ನು ಮಾತ್ರ ಮೂಸಿದಂತೆ ನಮ್ಮಲ್ಲಿ ಅನೇಕರು ಆ ಕಥೆಯನ್ನು ಓದಿದ್ದಾರೆ.

ಛಂದಸ್ಸಿನ ವಿಷಯ

ಪ್ರಾಚೀನ ಇಂಗ್ಲಿಷ್ ಪದ್ಯಕ್ಕೆ ಅಂತ್ಯಪ್ರಾಸವಿಲ್ಲ. ಪ್ರತಿಯೊಂದು ಸಾಲೂ ನಡುವೆ ಯತಿಯಿಂದ ಎರಡಾಗಿ ಒಡೆದು, ಎರಡು ಅರ್ಧಗಳ ಒತ್ತುಳ್ಳ ಪದಗಳು ಒಂದೇ ಆದಿವ್ಯಂಜನದಿಂದ ಬೆಸೆದುಕೊಳ್ಳುತ್ತವೆ. ಕಡಲನ್ನು 'ತಿಮಿಂಗಿಲದ ಹಾದಿ' ಎಂದು ಹೇಳುವ ಸಮಾಸರೂಪದ ಗೂಢೋಕ್ತಿಗಳು ಅದರ ಅಲಂಕಾರ. ವೆಲ್ಷರ 'ಕಂಗ್‌ಹಾನೆದ್' ಇನ್ನೂ ಕಟ್ಟುನಿಟ್ಟಿನದು. ಸಾಲಿನ ಮೊದಲರ್ಧದ ವ್ಯಂಜನಗಳು ಎರಡನೆಯ ಅರ್ಧದಲ್ಲಿ ಅದೇ ಕ್ರಮದಲ್ಲಿ ಮರುದನಿಗೊಡಬೇಕೆಂಬುದು ಅದರ ಒಂದು ಪ್ರಭೇದ. ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಎಂಬ ಕವಿ 1874ರಿಂದ 1877ರವರೆಗೆ ವೇಲ್ಸ್‌ನ ಮಠವೊಂದರಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ವೆಲ್ಷ್ ಕಲಿತು, ಈ ನಾದವನ್ನು ತನ್ನ ಇಂಗ್ಲಿಷ್ ಪದ್ಯಗಳಲ್ಲಿ ತುಂಬಿದನು. ಹಾಪ್ಕಿನ್ಸನ ಲಯ ವಿಚಿತ್ರವೆಂದು ದೂರುವ ವಿದ್ಯಾರ್ಥಿಗೆ ಈ ಮೂಲವನ್ನು ತೋರಿದರೆ ಅರ್ಧ ಕಷ್ಟ ಪರಿಹಾರವಾಗುತ್ತದೆ.

ಆಬರ್ಡೀನಿನ ಪಾಠ

ಸ್ಕಾಟ್ಲೆಂಡಿನ ಆಬರ್ಡೀನ್ ವಿಶ್ವವಿದ್ಯಾಲಯವು 1495ರಲ್ಲಿ ಸ್ಥಾಪಿತವಾದುದು. ಕೆಲ್ಟಿಕ್ ಮತ್ತು ಆಂಗ್ಲೋ-ಸ್ಯಾಕ್ಸನ್ ಅಧ್ಯಯನಗಳನ್ನು ಇಂಗ್ಲಿಷ್ ಸಾಹಿತ್ಯದೊಡನೆ ಜೋಡಿಸಿ ಪದವಿಗೆ ಓದುವ ಏರ್ಪಾಡನ್ನು ಅದು ಮಾಡಿತ್ತು. ಆ ಪ್ರದೇಶಕ್ಕೆ ಸಂಬಂಧಿಸಿದ ಎರಡು ನಿದರ್ಶನಗಳು ಇಂಥ ವ್ಯಾಸಂಗದ ಅಗತ್ಯವನ್ನು ಸ್ಪಷ್ಟಪಡಿಸುತ್ತವೆ.

ಮೊದಲನೆಯದು 'ಡಿಯರ್ ಗ್ರಂಥ'. ಆಬರ್ಡೀನ್ ಸೀಮೆಯ ಡಿಯರ್ ಎಂಬ ವಿಹಾರದಲ್ಲಿದ್ದ ಈ ಚಿಕ್ಕ ಲ್ಯಾಟಿನ್ ಸುವಾರ್ತಾ ಗ್ರಂಥವು ಸುಮಾರು ಹತ್ತನೆಯ ಶತಮಾನದ್ದು. 1715ರಿಂದ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅದರ ಬರಿದಾದ ಪುಟಗಳಲ್ಲಿಯೂ ಅಂಚುಗಳಲ್ಲಿಯೂ ಹನ್ನೆರಡನೆಯ ಶತಮಾನದಲ್ಲಿ ಗೇಲಿಕ್ ಭಾಷೆಯ ಟಿಪ್ಪಣಿಗಳನ್ನು ಬರೆಯಲಾಗಿದೆ. ಸ್ಕಾಟ್ಲೆಂಡಿನ ಗೇಲಿಕ್ ಗದ್ಯದ ಅತಿ ಹಳೆಯ ಮಾದರಿ ಇದೇ. ಅದರಲ್ಲಿರುವುದೇನು? ವಿಹಾರಕ್ಕೆ ಯಾರು ಯಾರು ಯಾವ ಯಾವ ಭೂಮಿಯನ್ನು ದತ್ತಿ ಬಿಟ್ಟರೆಂಬ ವಿವರ! ಕೊಲಂಬಾ ತನ್ನ ಶಿಷ್ಯ ಡ್ರೊಸ್ಟನ್ನನಿಗೆ ಆ ಸ್ಥಳವನ್ನು ಒಪ್ಪಿಸಿ ಅಗಲುವಾಗ ಶಿಷ್ಯನ ಕಣ್ಣೀರು ಉದುರಿದ್ದರಿಂದ, ಕಣ್ಣೀರೆಂಬ ಅರ್ಥದ ಆ ಹೆಸರು ಬಂದಿತೆಂಬ ಸ್ಥಳಪುರಾಣವೂ ಅಲ್ಲಿದೆ. ಆ ದಾನಕ್ಕೆ ಅಡ್ಡಿಪಡಿಸಿದವನು ದೀರ್ಘಾಯುವಾಗದಿರಲೆಂಬ ಶಾಪವಾಕ್ಯವೂ ಇದೆ. ಕನ್ನಡ ಶಾಸನಗಳ ಕೊನೆಯ ಶಾಪಾಶಯವನ್ನು ಓದಿದವರು ಇದನ್ನು ಕಂಡು ತಲೆದೂಗದಿರಲಾರರು. ಆ ಟಿಪ್ಪಣಿಗಳ ಊರಹೆಸರುಗಳಲ್ಲಿ 'ಪೆಟ್' ಎಂಬ ಶಬ್ದ ಬರುತ್ತದೆ. ಅದು ಗೇಲಿಕ್ಕಲ್ಲ, ಅದಕ್ಕೂ ಹಿಂದೆ ಅಲ್ಲಿದ್ದ ಪಿಕ್ಟ್ ಜನರ ನುಡಿಯಿಂದ ಉಳಿದುದು, ಅದರ ಅರ್ಥ ಭೂಮಿಯ ಒಂದು ಪಾಲು. ಬರಿಯ ವ್ಯಾಕರಣ ಬಲ್ಲವನಿಗೆ ಈ ಪುಟಗಳು ಒಂದು ಪಟ್ಟಿ ಮಾತ್ರ. ಇತಿಹಾಸ, ಸ್ಥಳನಾಮ, ಲಿಪಿ, ಧರ್ಮಾಚರಣೆ ಎಲ್ಲವನ್ನೂ ಕೂಡಿಸಿ ಓದಿದವನಿಗೆ ಒಂದು ಸಮಾಜವೇ ಕಣ್ಣೆದುರು ನಿಲ್ಲುತ್ತದೆ.

ಎರಡನೆಯದು ಎಚ್ಚರಿಕೆಯ ಕಥೆ. ಆಬರ್ಡೀನಿನಲ್ಲಿ ಓದಿದ ಜೇಮ್ಸ್ ಮ್ಯಾಕ್‌ಫರ್ಸನ್ 1760ರಿಂದೀಚೆಗೆ, ಆಸಿಯನ್ ಎಂಬ ಪ್ರಾಚೀನ ಗೇಲಿಕ್ ಕವಿಯ ಕೃತಿಗಳ ಅನುವಾದವೆಂದು ಹೇಳಿ ಕೆಲವು ಕಾವ್ಯಗಳನ್ನು ಪ್ರಕಟಿಸಿದನು. ಯುರೋಪೆಲ್ಲ ಬೆರಗಾಯಿತು, ಗಯಟೆ 1774ರ ತನ್ನ 'ವೆರ್ಟರ್' ಕಾದಂಬರಿಯಲ್ಲಿ ಅದರ ಭಾಗಗಳನ್ನು ಸೇರಿಸಿದನು. ಡಾಕ್ಟರ್ ಜಾನ್ಸನ್ ಮಾತ್ರ ಅದು ಕೃತಕವೆಂದು ಸಾರಿ, ಮೂಲ ಹಸ್ತಪ್ರತಿಯನ್ನು ತೋರಿಸೆಂದನು. ಜಾನ್ಸನ್ನನಿಗೆ ಗೇಲಿಕ್ ಬಾರದು. ಗೇಲಿಕ್ಕಿನಲ್ಲಿ ಹಳೆಯ ಹಸ್ತಪ್ರತಿಗಳೇ ಇಲ್ಲವೆಂದು ಅವನು ಅತಿಯಾಗಿ ಹೇಳಿದನು. ಮ್ಯಾಕ್‌ಫರ್ಸನ್ ಜನಪದ ಲಾವಣಿಗಳನ್ನು ಕೇಳಿದ್ದುದು ನಿಜ. ಆದರೆ ಬಹುಪಾಲು ತಾನೇ ಕಟ್ಟಿದ್ದನೆಂದು ಮುಂದೆ ನಿರ್ಣಯವಾಯಿತು. ಒಬ್ಬನು ಇಲ್ಲದ್ದನ್ನು ಇದೆಯೆಂದನು. ಇನ್ನೊಬ್ಬನು ಇದ್ದುದನ್ನು ಇಲ್ಲವೆಂದನು. ಮೂಲ ಭಾಷೆಯನ್ನೂ ಹಸ್ತಪ್ರತಿಗಳನ್ನೂ ಶ್ರದ್ಧೆಯಿಂದ ಓದಿದವರು ಇಲ್ಲದ ಕಾಲದಲ್ಲಿ ಸತ್ಯಕ್ಕೆ ಆಶ್ರಯವಿರಲಿಲ್ಲ.

ಪೀಠಗಳ ಸ್ಥಾಪನೆ

ಈ ಕೊರತೆಯನ್ನು ಮನಗಂಡು ಮ್ಯಾಥ್ಯೂ ಆರ್ನಾಲ್ಡ್ 1865-66ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೆಲ್ಟಿಕ್ ಸಾಹಿತ್ಯದ ಅಧ್ಯಯನ ಕುರಿತು ಉಪನ್ಯಾಸಗಳನ್ನು ನೀಡಿದನು. 1877ರಲ್ಲಿ ಅಲ್ಲಿ ಕೆಲ್ಟಿಕ್ ಪೀಠ ಏರ್ಪಟ್ಟು ಜಾನ್ ರೀಸ್ ಮೊದಲ ಪ್ರಾಧ್ಯಾಪಕನಾದನು. 1882ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವು ಅದೇ ದಾರಿ ಹಿಡಿಯಿತು. ಕೇಂಬ್ರಿಜಿನಲ್ಲಿ ಆಂಗ್ಲೋ-ಸ್ಯಾಕ್ಸನ್ ಪೀಠ ಸ್ಥಾಪನೆಯಾದುದು 1878ರಲ್ಲಿ. ನಿಘಂಟುಕಾರ ಜೋಸೆಫ್ ಬಾಸ್ವರ್ತನ ದತ್ತಿಯೇ ಅದಕ್ಕೆ ಆಧಾರ. ದಾನಿಯೊಬ್ಬನ ಧನವು ಒಂದೂವರೆ ಶತಮಾನದಾಚೆಗೂ ವಿದ್ಯೆಯನ್ನು ಪೋಷಿಸುತ್ತಿರುವುದು ಸ್ಮರಣೀಯ.

1912ರಲ್ಲಿ ಆ ಪೀಠವನ್ನೇರಿದ ಎಚ್. ಎಂ. ಚಾಡ್ವಿಕ್ ಈ ಶಾಸ್ತ್ರಕ್ಕೆ ಹೊಸ ತಿರುವು ಕೊಟ್ಟನು. ಸಾಹಿತ್ಯದ ವಿದ್ಯಾರ್ಥಿಗಳೆಲ್ಲರ ಮೇಲೂ ಪ್ರಾಚೀನ ಇಂಗ್ಲಿಷಿನ ವ್ಯಾಕರಣವನ್ನು ಕಡ್ಡಾಯವಾಗಿ ಹೇರುವುದರಿಂದ ಇಬ್ಬರಿಗೂ ಹಾನಿಯೆಂದು ಅವನು ತಿಳಿದನು. 1917ರಲ್ಲಿ ಕೇಂಬ್ರಿಜಿನಲ್ಲಿ ಆಂಗ್ಲ ಸಾಹಿತ್ಯಕ್ಕೆ ಪ್ರತ್ಯೇಕ ಪದವಿ ಪರೀಕ್ಷೆ ಏರ್ಪಟ್ಟಾಗ ಆ ಕಡ್ಡಾಯ ತಪ್ಪಿತು. ಬಲವಂತದಿಂದ ಬರುವ ನೂರು ಮಂದಿಗಿಂತ ಪ್ರೀತಿಯಿಂದ ಬರುವ ಹತ್ತು ಮಂದಿ ಮೇಲೆಂಬುದು ಅವನ ನಿಲುವಾಗಿತ್ತು. ಆ ಕೆಲವರಿಗೆ ಪ್ರಾಚೀನ ಇಂಗ್ಲಿಷಿನ ಜೊತೆ ನಾರ್ಸ್, ಐರಿಷ್, ವೆಲ್ಷ್, ಇತಿಹಾಸ, ಪುರಾತತ್ತ್ವಗಳನ್ನು ಒಟ್ಟಾಗಿ ಕಲಿಸಿದನು. ಮುಂದೆ ಆತನ ವಿಭಾಗ ಪುರಾತತ್ತ್ವ ಮತ್ತು ಮಾನವಶಾಸ್ತ್ರಗಳ ಕಡೆಗೆ ಸೇರಿ, 1967ರಲ್ಲಿ ಮತ್ತೆ ಇಂಗ್ಲಿಷ್ ವಿಭಾಗಕ್ಕೆ ಮರಳಿತು. ಚಾಡ್ವಿಕ್ಕನು ಪತ್ನಿ ನೋರಾ ಚಾಡ್ವಿಕ್ಕಳೊಡನೆ 1932ರಿಂದ 1940ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ 'ಸಾಹಿತ್ಯದ ಬೆಳವಣಿಗೆ' ಎಂಬ ಮಹಾಗ್ರಂಥದಲ್ಲಿ ಪ್ರಾಚೀನ ಭಾರತೀಯ ಸಾಹಿತ್ಯಕ್ಕೂ ಸ್ಥಾನವಿದೆ.

ಆಕ್ಸ್‌ಫರ್ಡಿನಲ್ಲಿ 1925ರಿಂದ 1945ರವರೆಗೆ ಆಂಗ್ಲೋ-ಸ್ಯಾಕ್ಸನ್ ಪ್ರಾಧ್ಯಾಪಕನಾಗಿದ್ದ ಟೋಲ್ಕಿನ್ ಬೇರೊಂದು ಕಡೆಯಿಂದ ಉಪಕಾರ ಮಾಡಿದನು. 'ಬೇವುಲ್ಫ್' ಅನ್ನು ಇತಿಹಾಸದ ಗಣಿಯೆಂದಷ್ಟೇ ಅಗೆಯುತ್ತಿದ್ದ ಪಂಡಿತರಿಗೆ, ಅದು ಮೊದಲು ಕಾವ್ಯವೆಂಬುದನ್ನು 1936ರ ಉಪನ್ಯಾಸದಲ್ಲಿ ನೆನಪಿಸಿದನು. 1955ರಲ್ಲಿ ಇಂಗ್ಲಿಷ್ ಮತ್ತು ವೆಲ್ಷ್ ಭಾಷೆಗಳ ಸಂಬಂಧವನ್ನು ಕುರಿತೂ ಅವನು ಉಪನ್ಯಾಸ ನೀಡಿದನು. ಸಂಸ್ಕೃತಿಯ ಅಧ್ಯಯನವು ಕಾವ್ಯವನ್ನು ನುಂಗಬಾರದು. ಕಾವ್ಯದ ಆಸ್ವಾದನೆಯು ಸಂಸ್ಕೃತಿಯನ್ನು ಮರೆಯಬಾರದು. ಚಾಡ್ವಿಕ್ ಮತ್ತು ಟೋಲ್ಕಿನ್ ಇಬ್ಬರ ಮಾತನ್ನೂ ಒಟ್ಟಿಗೆ ಹಿಡಿಯುವುದೇ ಈ ವ್ಯಾಸಂಗದ ಮರ್ಮ.

ಫಲವೂ ಆಕ್ಷೇಪಗಳೂ

1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ ದಿಬ್ಬವೊಂದನ್ನು ಅಗೆದಾಗ ದೊಡ್ಡ ಹಡಗಿನ ಅಚ್ಚೂ ಅದರೊಳಗೆ ಚಿನ್ನದ ಆಭರಣ, ಶಿರಸ್ತ್ರಾಣ, ಕಿನ್ನರಿಯ ಚೂರುಗಳೂ ದೊರೆತವು. ಬೇವುಲ್ಫ್ ಕಾವ್ಯದ ಆರಂಭದಲ್ಲಿ ಮೃತ ದೊರೆಯನ್ನು ನಿಧಿಯೊಡನೆ ಹಡಗಿನಲ್ಲಿರಿಸುವ ವರ್ಣನೆಯನ್ನು ಕವಿಯ ಕಲ್ಪನೆಯೆಂದವರು ಆಗ ಮರುಚಿಂತಿಸಬೇಕಾಯಿತು. ಕಾವ್ಯವು ಮಣ್ಣಿಗೂ, ಮಣ್ಣು ಕಾವ್ಯಕ್ಕೂ ಅರ್ಥ ಹೇಳಿತು.

ಬೆಲ್‌ಫಾಸ್ಟ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇಂಗ್ಲಿಷ್ ಓದಿದ ಐರಿಷ್ ಕವಿ ಸೀಮಸ್ ಹೀನಿಗೆ 1995ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಸ್ವೀನಿ ಎಂಬ ಹುಚ್ಚರಸನ ಐರಿಷ್ ಕಥೆಯನ್ನು 1983ರಲ್ಲಿಯೂ ಬೇವುಲ್ಫನ್ನು 1999ರಲ್ಲಿಯೂ ಅವನು ಇಂಗ್ಲಿಷಿಗೆ ತಂದನು. ಸಹಿಸು ಎಂಬ ಅರ್ಥದ 'ಥೋಲ್' ಎಂಬ ಮಾತು ತನ್ನ ಮನೆಯ ಹಿರಿಯ ಹೆಂಗಸರ ಬಾಯಲ್ಲಿ ಕೇಳಿದ್ದೇ ಆ ಪ್ರಾಚೀನ ಕಾವ್ಯದ ಶಬ್ದವೆಂದು ತಿಳಿದಾಗ, ಕಾವ್ಯವು ತನ್ನದೂ ಹೌದೆಂಬ ಧೈರ್ಯ ಅವನಿಗೆ ಬಂದಿತು. ಪಾಠದಲ್ಲಿ ಕಲಿತ ಹಳೆಯ ಮಾತು ಮನೆಯ ಮಾತೇ ಆಗಿ ಕಂಡ ಕ್ಷಣವದು.

ಆಕ್ಷೇಪಗಳೂ ಇಲ್ಲದಿಲ್ಲ. ಸತ್ತ ಭಾಷೆಗಳಿಂದ ಹೊಟ್ಟೆ ತುಂಬೀತೆ ಎಂಬುದು ಹಳೆಯ ಪ್ರಶ್ನೆ. ಕೆಲ್ಟ್, ಸ್ಯಾಕ್ಸನ್ ಎಂಬ ಹೆಸರುಗಳನ್ನು ರಕ್ತದ ಹೆಮ್ಮೆಗೆ ಬಳಸಿಕೊಂಡವರೂ ಉಂಟು. ಆ ಕಾರಣದಿಂದಲೇ ಆಂಗ್ಲೋ-ಸ್ಯಾಕ್ಸನ್ ವಿದ್ವಾಂಸರ ಅಂತರರಾಷ್ಟ್ರೀಯ ಸಂಘವು ಚರ್ಚೆಯ ನಂತರ 2019ರಲ್ಲಿ ತನ್ನ ಹೆಸರನ್ನೇ ಬದಲಿಸಿಕೊಂಡಿತು. ಆದರೆ ಐರಿಷ್ ಗುರುವಿಗೆ ಇಂಗ್ಲಿಷ್ ದೊರೆ ದುಭಾಷಿಯಾದುದನ್ನು ಓದಿದವನು ಶುದ್ಧರಕ್ತದ ಮಾತನ್ನು ನಂಬಲಾರ. ಆ ಭ್ರಮೆಗೆ ಮದ್ದು ಇನ್ನಷ್ಟು ಆಳವಾದ ವ್ಯಾಸಂಗವೇ.

ಸತ್ತ ಭಾಷೆಯೆಂಬ ಮಾತಿಗೂ ಉತ್ತರವಿದೆ. ಮ್ಯಾನ್ ದ್ವೀಪದ ಮ್ಯಾಂಕ್ಸ್ ನುಡಿಯನ್ನು ತಾಯ್ನುಡಿಯಾಗಿ ಕಲಿತವರಲ್ಲಿ ಕೊನೆಯವನಾದ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡನು. ಅದಕ್ಕೆ ಮೊದಲೇ, 1948ರಲ್ಲಿ, ಐರ್ಲೆಂಡಿನ ಜಾನಪದ ಆಯೋಗದವರು ಅವನ ಮತ್ತು ಅವನಂಥ ವೃದ್ಧರ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದರು. ಆ ಧ್ವನಿಗಳನ್ನು ಕೇಳಿ, ಹಳೆಯ ಗ್ರಂಥಗಳನ್ನು ಓದಿ ಕಲಿತವರ ಶ್ರಮದಿಂದ 2001ರಲ್ಲಿ ಎಲ್ಲ ಪಾಠಗಳನ್ನೂ ಮ್ಯಾಂಕ್ಸಿನಲ್ಲಿಯೇ ಕಲಿಸುವ ಪ್ರಾಥಮಿಕ ಶಾಲೆಯೊಂದು ಅಲ್ಲಿ ತೆರೆಯಿತು. ಕೊನೆಯುಸಿರೆಳೆಯಿತೆಂದ ನುಡಿಯನ್ನು ಮಕ್ಕಳು ಮತ್ತೆ ಆಡತೊಡಗಿದರು.

ಕನ್ನಡ ಅಧ್ಯಾಪಕರಿಗೆ ಇದರಲ್ಲೊಂದು ಸೂಚನೆಯಿದೆ. ಹಳಗನ್ನಡದ ಪದ್ಯವನ್ನು ಅನ್ವಯ, ತಾತ್ಪರ್ಯಗಳಿಗೆ ನಿಲ್ಲಿಸದೆ, ಊರ ಮುಂದಿನ ಶಾಸನ, ವೀರಗಲ್ಲು, ಸ್ಥಳನಾಮ, ಅಜ್ಜಿಯರ ಬಾಯ ಮಾತುಗಳೊಡನೆ ಸೇರಿಸಿ ಕಲಿಸಿದರೆ ವಿದ್ಯಾರ್ಥಿಗೆ ಅದು ಪರೀಕ್ಷೆಯ ಹೊರೆಯಾಗಿ ಉಳಿಯದು. ಆಂಗ್ಲ ಸಾಹಿತ್ಯವನ್ನು ಬೋಧಿಸುವವರೂ ಚಾಸರನ ಹಿಂದಿನ ಏಳು ಶತಮಾನಗಳ ಕಡೆಗೆ ವಿದ್ಯಾರ್ಥಿಗಳ ಮುಖವನ್ನು ಒಮ್ಮೆಯಾದರೂ ತಿರುಗಿಸಲಿ. ಗ್ರಂಥಭಂಡಾರಗಳಿಗೂ ಅಧ್ಯಯನ ಪೀಠಗಳಿಗೂ ನೀಡುವ ದಾನ ಕೂಡಲೇ ಫಲ ಕೊಡದಿರಬಹುದು. ಆದರೆ ಡಿಯರ್ ವಿಹಾರದ ದತ್ತಿಗಳ ಲೆಕ್ಕವನ್ನು ಬರೆದಿಟ್ಟ ಆ ಅಜ್ಞಾತ ಲಿಪಿಕಾರನಿಂದಲೇ ಇಂದು ಒಂದು ನುಡಿಯ ಆದಿಗದ್ಯವು ಉಳಿದಿದೆ. ಬರೆದಿಟ್ಟದ್ದು, ಕಾಪಾಡಿದ್ದು, ಕಲಿಸಿದ್ದು ವ್ಯರ್ಥವಾಗುವುದಿಲ್ಲ.